ಆಟಕ್ಕುಂಟು, ಲೆಕ್ಕಕ್ಕಿಲ್ಲ

ಚಿಕ್ಕ ಮಕ್ಕಳನ್ನು ಆಟಕ್ಕೆ ಸೇರಿಸಿಕೊಂಡು, ಸೋಲು ಗೆಲುವಿನ ಎಣಿಕೆಯಿಂದ ಹೊರಗಿಡುವಾಗ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎನ್ನುವುದುಂಟು. ಆಸ್ಟ್ರೇಲಿಯಾ ತನ್ನ ಮೂಲನಿವಾಸಿಗಳ ವಿಷಯದಲ್ಲಿ ಇದನ್ನೇ ಕಾನೂನಾಗಿಸಿತ್ತು. ದನಗಳ ದೊಡ್ಡ ದೊಡ್ಡ ಹಟ್ಟಿಗಳಲ್ಲಿ ದುಡಿಯಲು ಅವರು ಬೇಕಿತ್ತು. ಆದರೆ ದೇಶದ ಜನಸಂಖ್ಯೆ ಕೂಡುವಾಗ ಅವರನ್ನು ಸೇರಿಸಕೂಡದು ಎಂದು 1901ರಲ್ಲಿ ಜಾರಿಗೆ ಬಂದ ಸಂವಿಧಾನದ 127ನೇ ವಿಧಿ ಹೇಳಿತು.

ಗಣತಿದಾರರ ಕಣ್ಣಿಗೆ ಅವರು ಬೀಳಲಿಲ್ಲವೆಂದಲ್ಲ. ವಿವರ ಬರೆದುಕೊಂಡವರನ್ನೂ ಮೊತ್ತದಿಂದ ಬಿಡುತ್ತಿದ್ದರು. ಮೈಯಲ್ಲಿ ಹರಿಯುವ ಮೂಲನಿವಾಸಿ ರಕ್ತ ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ ಎಂಬುದರ ಮೇಲೆ ಒಬ್ಬ ಮನುಷ್ಯ ಲೆಕ್ಕದೊಳಗೋ ಹೊರಗೋ ಎಂದು ತೀರ್ಮಾನವಾಗುತ್ತಿತ್ತು.

1967ರ ಮೇ 27ರಂದು ನಡೆದ ಜನಮತಗಣನೆಯಲ್ಲಿ ಶೇ. 90ಕ್ಕೂ ಹೆಚ್ಚು ಮತದಾರರು ಆ ವಿಧಿಯನ್ನು ತೆಗೆದುಹಾಕಲು ಒಪ್ಪಿದರು. 1971ರ ಗಣತಿಯಲ್ಲಿ ಸಿಕ್ಕ ಸಂಖ್ಯೆ ಸುಮಾರು 1.16 ಲಕ್ಷ. 2021ರಲ್ಲಿ, ಟಾರೆಸ್ ಜಲಸಂಧಿಯ ದ್ವೀಪವಾಸಿಗಳೂ ಸೇರಿ, 8,12,728. ಐವತ್ತು ವರ್ಷದಲ್ಲಿ ಏಳು ಪಟ್ಟು!

ಬರೀ ಹೆರಿಗೆಗಳಿಂದ ಇಷ್ಟು ಬೆಳವಣಿಗೆ ಸಾಧ್ಯವಿಲ್ಲ. 2016ರಿಂದ 2021ರ ನಡುವಿನ ಏರಿಕೆಯಲ್ಲೇ ಅರ್ಧಕ್ಕಿಂತ ಹೆಚ್ಚಿನ ಪಾಲು ಜನನ, ಮರಣ, ವಲಸೆಗಳ ಲೆಕ್ಕಕ್ಕೆ ಸಿಗುವುದಿಲ್ಲ. ಅದರಲ್ಲಿ ದೊಡ್ಡ ಭಾಗ, ಹಿಂದಿನ ಗಣತಿಯಲ್ಲಿ ಹೇಳಿಕೊಳ್ಳದೆ ಈ ಸಲ ‘ನಾನೂ ಮೂಲನಿವಾಸಿ’ ಎಂದವರದು. ಅವರ ಹಿರಿಯರು ಸುಮ್ಮನಿದ್ದದ್ದಕ್ಕೆ ಕಾರಣವಿತ್ತು. 1970ರ ಸುಮಾರಿನವರೆಗೂ ಅಧಿಕಾರಿಗಳು ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡು ಹೋಗುತ್ತಿದ್ದರು. ಮೂಲವನ್ನು ಬಚ್ಚಿಡುವುದೆಂದರೆ ಮಗುವನ್ನು ಉಳಿಸಿಕೊಳ್ಳುವುದೆಂದೇ ಅರ್ಥವಾಗಿತ್ತು. ಸರ್ಕಾರದ ಪರವಾಗಿ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರ ಫೆಬ್ರವರಿ 13ರಂದು.

ಇನ್ನು ವಯಸ್ಸಿನ ಮಾತು. ಈ ಸಮುದಾಯದ ಅರ್ಧದಷ್ಟು ಜನ 24ರ ಒಳಗಿನವರು. ಉಳಿದ ಆಸ್ಟ್ರೇಲಿಯನ್ನರಲ್ಲಿ ಈ ನಡುಗೆರೆ 38ರ ಹತ್ತಿರವಿದೆ. ಮೂವರಲ್ಲಿ ಒಬ್ಬರಿಗೆ ಇನ್ನೂ 15 ತುಂಬಿಲ್ಲ. ಯುವಜನರ ಸಮುದಾಯ ಎಂದು ಹಿಗ್ಗುವ ಮೊದಲು ಇನ್ನೊಂದು ತುದಿಯನ್ನೂ ನೋಡಬೇಕು: 65 ದಾಟಿದವರು ನೂರಕ್ಕೆ ಐದಾರು ಮಂದಿ ಮಾತ್ರ. ಹುಟ್ಟುವವರು ಹೆಚ್ಚಿರುವುದಷ್ಟೇ ಇದಕ್ಕೆ ಕಾರಣವಲ್ಲ, ಮುಪ್ಪು ಕಾಣದೆ ಹೋಗುವವರೂ ಹೆಚ್ಚು. 2020–22ರ ಲೆಕ್ಕದಂತೆ ಇಲ್ಲಿನ ಗಂಡಸರ ನಿರೀಕ್ಷಿತ ಆಯಸ್ಸು 71.9 ವರ್ಷ, ಹೆಂಗಸರದು 75.6. ಇತರರಿಗಿಂತ ಎಂಟು ವರ್ಷಕ್ಕೂ ಮಿಕ್ಕಿ ಕಡಿಮೆ.

ಸರ್ಕಾರಕ್ಕೂ ಇದು ಗೊತ್ತು. ವೃದ್ಧರ ಆರೈಕೆಯ ನೆರವು ಇತರರಿಗೆ 65ರಿಂದ, ಮೂಲನಿವಾಸಿಗಳಿಗೆ 50ರಿಂದ. ಅವರು ಲೆಕ್ಕಕ್ಕೇನೋ ಬಂದರು. ಆದರೆ ಅದೇ ಲೆಕ್ಕದ ಪ್ರಕಾರ ಮುಪ್ಪು ಅವರಿಗೆ ಹದಿನೈದು ವರ್ಷ ಮೊದಲೇ ಬರುತ್ತದೆ.