ಮತದ ಹಕ್ಕು: ಶಿಕಾರಿಪುರ-ಸೊರಬ ಸೀಮೆಯ ಸಾಕ್ಷ್ಯ

ಚುನಾವಣೆಯ ದಿನ ಮತಗಟ್ಟೆಗೆ ಹೋಗಿ, ಬೆರಳಿಗೆ ಶಾಯಿ ಹಾಕಿಸಿಕೊಂಡು ಬರುವುದು ನಮಗೆ ಈಗ ತೀರ ಸಹಜವಾದ ಸಂಗತಿ. ಆ ಹಕ್ಕು ಹುಟ್ಟಿನೊಡನೆ ಬಂದದ್ದೆಂದೇ ನಾವು ತಿಳಿದಿರುತ್ತೇವೆ. ಆದರೆ ಅದು ಯಾರು ಯಾರಿಗೆ, ಎಷ್ಟೆಷ್ಟು ತಡವಾಗಿ ಸಂದಿತೆಂಬುದನ್ನು ವಾಚಕರು ತಿಳಿಯಬಯಸಿದರೆ ದೂರದ ಗ್ರೀಸ್ ದೇಶಕ್ಕೇ ಹೋಗಬೇಕಾಗಿಲ್ಲ. ಶಿವಮೊಗ್ಗ ಜಿಲ್ಲೆಯ ಎರಡು ನೆರೆಯ ತಾಲ್ಲೂಕುಗಳಾದ ಶಿಕಾರಿಪುರ ಮತ್ತು ಸೊರಬಗಳನ್ನು ನೋಡಿದರೆ ಸಾಕು.

ಈ ಸೀಮೆಯಲ್ಲಿ ಹಿಂದೆ ನಾಗರಖಂಡ ಎಪ್ಪತ್ತು ಎಂಬ ನಾಡಿತ್ತು. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಆಳ್ವಿಕೆಯಲ್ಲಿ, ಅದರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡಾಗ ಆ ಅಧಿಕಾರ ಅವನ ಮಡದಿ ಜಕ್ಕಿಯಬ್ಬೆಗೆ ಬಂದಿತು. ಅವಳು ನಾಡನ್ನು ಸಮರ್ಥವಾಗಿ ಆಳಿದಳೆಂದು ಬಂದಳಿಕೆಯ ಶಾಸನ ಹೊಗಳುತ್ತದೆ. ಊರಿನ ಗಾವುಂಡರು, ಅಗ್ರಹಾರದ ಮಹಾಜನರು, ಬಳ್ಳಿಗಾವೆಯಂಥ ಪಟ್ಟಣದ ವರ್ತಕ ಸಂಘದವರು ಸಭೆ ಸೇರಿ ದತ್ತಿ, ಕೆರೆ, ತೆರಿಗೆಗಳನ್ನು ಕುರಿತು ನಿರ್ಣಯಿಸುತ್ತಿದ್ದುದೂ ಉಂಟು. ಹಾಗೆಂದು ಇದನ್ನು ಪ್ರಜಾಪ್ರಭುತ್ವವೆಂದು ಕರೆದರೆ ಸರಿಯಾಗದು. ಜಕ್ಕಿಯಬ್ಬೆಗೆ ಅಧಿಕಾರ ದೊರೆತದ್ದು ಮನೆತನದಿಂದ. ಸಭೆಯಲ್ಲಿ ಸ್ಥಾನ ದೊರೆಯುತ್ತಿದ್ದುದು ಕುಲದಿಂದ, ಭೂಮಿಯಿಂದ, ವೃತ್ತಿಯಿಂದ. ಗದ್ದೆಯಲ್ಲಿ ನಾಟಿಮಾಡುತ್ತಿದ್ದ ಆಳಿನ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಹೆಸರಾಂತ ಅಥೆನ್ಸ್ ನಗರದಲ್ಲಿಯೂ ಹೆಂಗಸರಿಗೆ, ಗುಲಾಮರಿಗೆ ಮತವಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

ಮುಂದಿನ ಹೆಜ್ಜೆ ಬಹಳ ತಡವಾಗಿ ಬಂದಿತು. ದಿವಾನ್ ರಂಗಾಚಾರ್ಲು ಅವರು ಸ್ಥಾಪಿಸಿದ ಮೈಸೂರು ಪ್ರಜಾಪ್ರತಿನಿಧಿ ಸಭೆ 1881ರ ಅಕ್ಟೋಬರ್ 7ರಂದು ಮೊದಲ ಬಾರಿಗೆ ಸೇರಿತು. ತಾಲ್ಲೂಕುಗಳ ಭೂಮಾಲೀಕ ರೈತರೂ ಜಿಲ್ಲೆಗಳ ಪ್ರಮುಖ ವರ್ತಕರೂ ಸೇರಿ 144 ಮಂದಿ ಸದಸ್ಯರು. ದಿವಾನರು ಆಡಳಿತದ ವರದಿಯನ್ನು ಓದುವರು. ಸದಸ್ಯರು ತಮ್ಮ ಊರುಗಳ ಕುಂದುಕೊರತೆಗಳನ್ನು ಅರಿಕೆಮಾಡಿಕೊಳ್ಳುವರು. ಕಾನೂನು ಮಾಡುವ ಅಧಿಕಾರ ಸಭೆಗಿರಲಿಲ್ಲ. 1891ರಲ್ಲಿ ಚುನಾವಣೆಯ ಪದ್ಧತಿ ಬಂದಾಗಲೂ ಮತವು ಆಸ್ತಿಯುಳ್ಳವರ, ವಿದ್ಯಾವಂತರ ಪಾಲಾಗಿತ್ತು. 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. 1923ರ ಸುಧಾರಣೆಗಳಿಂದ ಆಸ್ತಿಯ ನಿಬಂಧನೆ ಸಡಿಲವಾಗಿ, ಹೆಂಗಸೆಂಬ ಕಾರಣಕ್ಕೆ ಮತ ನಿರಾಕರಿಸುವ ಕಟ್ಟಳೆ ಅಳಿಯಿತು. ಜಕ್ಕಿಯಬ್ಬೆಯ ಕಾಲದಿಂದ ಇಲ್ಲಿಗೆ ಸುಮಾರು ಸಾವಿರ ವರ್ಷ! ಆದರೂ ಹೊರಗಿನ ದೇಶಗಳೊಡನೆ ಹೋಲಿಸಿದರೆ ಮೈಸೂರು ತೀರ ಹಿಂದುಳಿದಿತ್ತೆನ್ನಲಾಗದು. ನ್ಯೂಜಿಲೆಂಡಿನ ಹೆಂಗಸರಿಗೆ 1893ರಲ್ಲಿ ಮತ ದೊರೆತಿದ್ದರೂ, ಬ್ರಿಟನ್ನಿನಲ್ಲಿ ಗಂಡಸರಿಗೆ ಸಮನಾದ ಮತ ಸಂದದ್ದು 1928ರಲ್ಲಿ. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಚುನಾವಣೆಗಳಲ್ಲಿ 1971ರಲ್ಲಿ.

ಇವೆಲ್ಲ ಮೇಲಿನಿಂದ ಇಳಿದು ಬಂದ ಹಕ್ಕುಗಳು. ಪ್ರತಿನಿಧಿಗಳಿದ್ದರು, ಆದರೆ ಮಂತ್ರಿಮಂಡಲವು ಅವರಿಗೆ ಉತ್ತರ ಹೇಳಬೇಕಾಗಿರಲಿಲ್ಲ. ಆದುದರಿಂದಲೇ ಜನ ಕೇಳಿದ್ದು 'ಜವಾಬ್ದಾರಿ ಸರ್ಕಾರ'ವನ್ನು. ಆ ಬೇಡಿಕೆಯನ್ನು ಅತ್ಯಂತ ನೇರವಾಗಿ ಮುಂದಿಟ್ಟದ್ದು ಶಿಕಾರಿಪುರ ತಾಲ್ಲೂಕಿನ ಈಸೂರು. 1942ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಊರವರು ವೀರಭದ್ರ ದೇವಾಲಯದ ಮೇಲೆ ಬಾವುಟ ಹಾರಿಸಿ, ತಾವು ಸ್ವತಂತ್ರರೆಂದು ಸಾರಿದರು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಊರೊಳಗೆ ಪ್ರವೇಶವಿಲ್ಲವೆಂದು ಹಲಗೆ ತೂಗುಹಾಕಿದರು. ಹುಡುಗರನ್ನೇ ಆರಿಸಿ, ಜಯಣ್ಣನೆಂಬ ಬಾಲಕನನ್ನು ಅಮಲ್ದಾರನನ್ನಾಗಿಯೂ ಮತ್ತೊಬ್ಬನನ್ನು ಸಬ್ ಇನ್ಸ್‌ಪೆಕ್ಟರನನ್ನಾಗಿಯೂ ಮಾಡಿದರು. ಮತದ ವಯಸ್ಸೇ ಆಗದವರಿಗೆ ಆಡಳಿತ ಒಪ್ಪಿಸಿದ ಈ ಸರ್ಕಾರ ಕೆಲವೇ ದಿನಗಳದ್ದು. ಪೊಲೀಸರೊಡನೆ ಬಂದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಘರ್ಷಣೆಯಲ್ಲಿ ಕೊಲ್ಲಲ್ಪಟ್ಟರು. ಬಳಿಕ ಸೈನ್ಯ ಬಂದಿತು, ಜನ ಕಾಡುಪಾಲಾದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರಿಗೆ 1943ರ ಮಾರ್ಚಿಯಲ್ಲಿ ಗಲ್ಲಾಯಿತು. ಜೀವಾವಧಿ ಶಿಕ್ಷೆ ಹೊಂದಿದವರಲ್ಲಿ ಹೆಂಗಸರೂ ಇದ್ದರು.

ಸತ್ತ ಅಧಿಕಾರಿಗಳೂ ನಮ್ಮವರೇ, ಗಲ್ಲಿಗೇರಿದವರೂ ನಮ್ಮವರೇ. ಸರ್ಕಾರವನ್ನು ಶಾಂತಿಯಿಂದ ಬದಲಾಯಿಸುವ ಉಪಾಯ ಜನರ ಕೈಯಲ್ಲಿಲ್ಲದಾಗ ಎರಡು ಕಡೆಯವರೂ ತೆರುವ ಬೆಲೆ ಎಷ್ಟೆಂಬುದನ್ನು ಈಸೂರು ತೋರಿಸುತ್ತದೆ. ಮತಪತ್ರದ ಮಹತ್ವ ತಿಳಿಯುವುದು ಇಲ್ಲಿಯೇ.

1947ರಲ್ಲಿ 'ಮೈಸೂರು ಚಲೋ' ಚಳವಳಿಯ ಫಲವಾಗಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂದಿತು. 1950ರ ಸಂವಿಧಾನ 21 ವರ್ಷ ತುಂಬಿದ ಎಲ್ಲರಿಗೂ ಮತ ಕೊಟ್ಟಿತು. ಆಸ್ತಿ, ಅಕ್ಷರ, ಜಾತಿ, ಲಿಂಗ ಯಾವುದನ್ನೂ ಕೇಳಲಿಲ್ಲ. ಸೊರಬದ ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು. ಮರುವರ್ಷವೇ ಅವರ ಪರವಾಗಿ ನಿಂತಿದ್ದ ಶಾಂತವೇರಿ ಗೋಪಾಲಗೌಡರು ವಿಧಾನಸಭೆಯನ್ನು ಪ್ರವೇಶಿಸಿದರು. ಮುಂದೆ ಸೊರಬ ಕ್ಷೇತ್ರದಿಂದ ಎಸ್. ಬಂಗಾರಪ್ಪನವರೂ ಶಿಕಾರಿಪುರದಿಂದ ಬಿ. ಎಸ್. ಯಡಿಯೂರಪ್ಪನವರೂ ಆರಿಸಿ ಬಂದು, ಬೇರೆ ಬೇರೆ ಪಕ್ಷಗಳಿಂದ ಮುಖ್ಯಮಂತ್ರಿಗಳಾದರು. 1881ರಲ್ಲಿ ಅರಿಕೆ ಹಿಡಿದು ಮೈಸೂರಿಗೆ ಹೋಗುತ್ತಿದ್ದ ತಾಲ್ಲೂಕುಗಳು ರಾಜ್ಯವನ್ನಾಳುವವರನ್ನೇ ಕಳುಹಿಸುವಂತಾದವು.

1989ರಲ್ಲಿ ಮತದ ವಯಸ್ಸು 18ಕ್ಕೆ ಇಳಿಯಿತು. 1993ರ ಪಂಚಾಯತ್ ರಾಜ್ ಕಾನೂನು ಗ್ರಾಮಸಭೆಗೆ ಸ್ಥಾನ ಕೊಟ್ಟಿತು. 2010ರಲ್ಲಿ ಕರ್ನಾಟಕದ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಅರ್ಧದಷ್ಟು ಸ್ಥಾನಗಳು ಮೀಸಲಾದವು. ಶಾಸನಸಭೆಯಲ್ಲಿ ನಮ್ಮ ಪರವಾಗಿ ಇನ್ನೊಬ್ಬರು ಮಾತನಾಡುತ್ತಾರೆ. ಗ್ರಾಮಸಭೆಯಲ್ಲಿ ನಾವೇ ಮಾತನಾಡಬಹುದು. ಒಂದು ಪ್ರಾತಿನಿಧಿಕ ಪ್ರಜಾಪ್ರಭುತ್ವ, ಇನ್ನೊಂದು ನೇರ ಪ್ರಜಾಪ್ರಭುತ್ವ. ಎರಡೂ ಒಂದನ್ನೊಂದು ಆಶ್ರಯಿಸಿವೆ.

ಕಾನೂನು ತನ್ನ ಕೆಲಸವನ್ನು ಬಹುಮಟ್ಟಿಗೆ ಮಾಡಿದೆ. ಆದರೆ ಸದಸ್ಯೆಯ ಪರವಾಗಿ ಗಂಡನೇ ಕುರ್ಚಿಯಲ್ಲಿ ಕುಳಿತರೆ, ಕೂಲಿಯವನು ಬಾಗಿಲ ಬಳಿಯೇ ನಿಂತರೆ, ಪಟ್ಟಿಯಲ್ಲಿ ಹೆಸರಿದ್ದೂ ಪ್ರಯೋಜನವಿಲ್ಲ. ಮುಂದಿನ ಗ್ರಾಮಸಭೆಗೆ ತಾವು ಹೋದಾಗ, ಅಲ್ಲಿ ಯಾರು ಕುಳಿತಿದ್ದಾರೆ, ಯಾರು ನಿಂತಿದ್ದಾರೆ, ಯಾರು ಬಂದೇ ಇಲ್ಲ ಎಂಬುದನ್ನು ಒಮ್ಮೆ ಗಮನಿಸಿರಿ. ಬಾರದವರನ್ನು ಮುಂದಿನ ಸಲ ಜೊತೆಗೆ ಕರೆದುಕೊಂಡು ಹೋಗಿರಿ.