ನಾಯಕನಿಲ್ಲದ ದಂಡು: ಬ್ಯಾಕ್ಟೀರಿಯಾಗಳು ಒಟ್ಟಾಗಿ ಸಾಗುವ ಕಥೆ

ಇವತ್ತಿನ ಕಥೆ ಶುರುವಾಗೋದು 1885ರ ಜರ್ಮನಿಯಲ್ಲಿ, ಅದೂ ಕೊಳೆತ ಮಾಂಸದಿಂದ. ಎರ್ಲಾಂಗನ್ ಊರಿನ ಗುಸ್ತಾವ್ ಹೌಸರ್ ಎಂಬ ರೋಗಶಾಸ್ತ್ರಜ್ಞರು ಅದರಿಂದ ಒಂದು ಬ್ಯಾಕ್ಟೀರಿಯಾ ಬೇರ್ಪಡಿಸಿ ಬೆಳೆಸಿದರು. ಸಾಮಾನ್ಯವಾಗಿ ಬ್ಯಾಕ್ಟೀರಿಯಾಗಳು ಬಿಟ್ಟ ಜಾಗದಲ್ಲೇ ಚುಕ್ಕೆಯಂತೆ ಬೆಳೆಯುತ್ತವೆ. ಇದು ಹಾಗಲ್ಲ, ದಂಡು ಕಟ್ಟಿಕೊಂಡು ಹೊರಟೇಬಿಡುತ್ತಿತ್ತು! ಬೇಕಾದಂತೆ ರೂಪ ಬದಲಿಸುವ ಗ್ರೀಕ್ ಸಮುದ್ರದೇವತೆಯ ಹೆಸರನ್ನೇ ಅದಕ್ಕಿಟ್ಟರು: ಪ್ರೋಟಿಯಸ್.

ಈ ದಂಡು ಹರಡಿದ ತಟ್ಟೆ ನೋಡಿದರೆ, ಗಾಜಿನ ಮೇಲೆ ಉಸಿರು ಬಿಟ್ಟಾಗ ಕಾಣುತ್ತಲ್ಲ, ಅಂಥದೇ ಮಬ್ಬು ಪೊರೆ. ಮೊದಲ ಮಹಾಯುದ್ಧದ ಕಾಲದಲ್ಲಿ ಎಡ್ಮಂಡ್ ವೈಲ್ ಮತ್ತು ಆರ್ಥರ್ ಫೆಲಿಕ್ಸ್, ಹೇನಿನಿಂದ ಹರಡುವ ಟೈಫಸ್ ಜ್ವರ ಪತ್ತೆಹಚ್ಚಲು ಪ್ರೋಟಿಯಸ್ ಬಳಸುತ್ತಿದ್ದರು. ಹರಡುವ ಬಗೆಗೆ ಅವರು 'ಎಚ್' ಎಂದರು. ಜರ್ಮನ್ ಭಾಷೆಯಲ್ಲಿ 'ಹೌಖ್' ಅಂದ್ರೆ ಉಸಿರು. ಹರಡದ ಬಗೆ 'ಒ', ಅಂದ್ರೆ ಉಸಿರಿಲ್ಲದ್ದು. ಇವತ್ತು ಸುದ್ದಿಯಲ್ಲಿ ಕೇಳುವ 'ಇ. ಕೊಲೈ ಒ157:ಎಚ್7' ಹೆಸರಿನ ಒ ಮತ್ತು ಎಚ್ ಬಂದದ್ದು ಅಲ್ಲಿಂದಲೇ.

ಸರಿ, ಈ ದಂಡನ್ನು ನಡೆಸೋರು ಯಾರು? 1995ರಲ್ಲಿ ಹಂಗೇರಿಯ ತಮಾಶ್ ವಿಚೆಕ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಚುಕ್ಕೆಗಳನ್ನು ಓಡಿಸಿ ನೋಡಿದರು. ನಿಯಮ ಒಂದೇ: ಅಕ್ಕಪಕ್ಕದವು ಹೆಚ್ಚುಕಡಿಮೆ ಯಾವ ಕಡೆ ಹೊರಟಿವೆಯೋ ಆ ಕಡೆ ತಿರುಗು. ಚುಕ್ಕೆಗಳು ವಿರಳವಾಗಿದ್ದಾಗ ಎಲ್ಲ ಚೆಲ್ಲಾಪಿಲ್ಲಿ. ದಟ್ಟಣೆ ಒಂದು ಮಿತಿ ದಾಟಿತೋ, ಎಲ್ಲವೂ ಒಂದೇ ದಿಕ್ಕಿಗೆ! ತೇರಿನ ಬೀದಿಯ ಜನಜಂಗುಳಿಯಲ್ಲಿ ಯಾರೂ ಹೇಳದಿದ್ದರೂ ನಾವು ಮುಂದೆ ಸಾಗುತ್ತೇವಲ್ಲ, ಹಾಗೆ. ನಾಯಕ ಬೇಕಾಗಲೇ ಇಲ್ಲ.

ಆದರೆ ನೀರಿನಲ್ಲಿ ಈಜುವಾಗ ಲೆಕ್ಕವೇ ಬೇರೆ. 2002ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅದಿತಿ ಸಿಂಹ ಮತ್ತು ಶ್ರೀರಾಮ್ ರಾಮಸ್ವಾಮಿ ಅದನ್ನು ತೋರಿಸಿಕೊಟ್ಟರು. ಈಜುವ ಪ್ರತಿಯೊಂದು ಜೀವಿಯೂ ಸುತ್ತಲಿನ ನೀರನ್ನು ಕದಡುತ್ತದೆ. ಆ ಕದಡೇ ಶಿಸ್ತಿನ ಸಾಲನ್ನು ಮುರಿಯುತ್ತದೆ. ಬ್ಯಾಕ್ಟೀರಿಯಾ ತುಂಬಿದ ಹನಿಯಲ್ಲಿ ನೇರ ಸಾಲಿನ ಬದಲು ಸುಳಿಗಳು ಏಕೆ ಏಳುತ್ತವೆ ಅನ್ನೋದು ಇದರಿಂದ ಅರ್ಥವಾಗುತ್ತದೆ.

ಇದು ಬರೀ ಕುತೂಹಲದ ಮಾತಲ್ಲ. ಮೂತ್ರಕ್ಕೆ ಕ್ಯಾತಿಟರ್ ಹಾಕಿಸಿಕೊಂಡ ರೋಗಿಗಳಲ್ಲಿ ಇದೇ ಪ್ರೋಟಿಯಸ್ ನಳಿಕೆಯ ಮೇಲೆ ದಂಡಾಗಿ ಸಾಗಿ ಸೋಂಕು ತರುತ್ತದೆ, ಹರಳು ಕಟ್ಟಿ ನಳಿಕೆಯನ್ನೇ ಮುಚ್ಚುತ್ತದೆ. ಹೊಡೆದುರುಳಿಸೋಣ ಅಂದ್ರೆ ಈ ದಂಡಿಗೆ ದಳಪತಿ ಇಲ್ಲ. ಅದರ ಬಲವೆಲ್ಲ ಅಕ್ಕಪಕ್ಕದ ನಂಟಿನಲ್ಲಿದೆ. ತಡೆಯಬೇಕಾದರೆ ಆ ನಂಟನ್ನೇ ಕಡಿಯುವ ದಾರಿ ಹುಡುಕಬೇಕು.