ಕಾರೂನ್

ಕಾರೂನ್ ಕುರ್‌ಆನ್‌ನಲ್ಲಿ ಉಲ್ಲೇಖಿತನಾದ, ಅಪಾರ ಸಂಪತ್ತು ಮತ್ತು ಅಹಂಕಾರಕ್ಕೆ ಹೆಸರಾದ ವ್ಯಕ್ತಿ. ಇವನು ಪ್ರವಾದಿ ಮೂಸಾ ಅವರ (ಬೈಬಲಿನ ಮೋಶೆ) ಜನಾಂಗಕ್ಕೆ ಸೇರಿದವನು. ಬೈಬಲಿನ ಕೋರಹನೊಂದಿಗೆ ಇವನನ್ನು ಗುರುತಿಸಲಾಗುತ್ತದೆ. ಸಂಪತ್ತಿನ ಗರ್ವ ಹಾಗೂ ದೇವರಿಗೆ ತೋರುವ ಕೃತಘ್ನತೆಯ ಪರಿಣಾಮಕ್ಕೆ ಇಸ್ಲಾಮಿನ ಬೋಧನೆಯಲ್ಲಿ ಇವನ ಕಥೆ ಪ್ರಮುಖ ನಿದರ್ಶನವಾಗಿದೆ.

ಕುರ್‌ಆನ್‌ನಲ್ಲಿನ ವೃತ್ತಾಂತ

ಕಾರೂನನ ಕಥೆಯು ಕುರ್‌ಆನ್‌ನ 28ನೆಯ ಅಧ್ಯಾಯವಾದ ಅಲ್-ಕಸಸ್‌ನ 76ರಿಂದ 82ನೆಯ ಸೂಕ್ತಗಳಲ್ಲಿ ಬರುತ್ತದೆ. 29 ಮತ್ತು 40ನೆಯ ಅಧ್ಯಾಯಗಳಲ್ಲಿ ಫರೋಹ ಹಾಗೂ ಹಾಮಾನರ ಜೊತೆಗೆ ಇವನ ಹೆಸರಿದೆ. ಇವನ ಖಜಾನೆಯ ಕೀಲಿಕೈಗಳನ್ನು ಹೊರುವುದು ಬಲಿಷ್ಠರ ಒಂದು ಗುಂಪಿಗೂ ಕಷ್ಟವಾಗುತ್ತಿತ್ತು ಎಂದು ವರ್ಣಿಸಲಾಗಿದೆ.

ಬೀಗಬಾರದೆಂದೂ, ದೇವರು ಕೊಟ್ಟದ್ದರಿಂದ ಪರಲೋಕವನ್ನು ಅರಸಬೇಕೆಂದೂ, ದೇವರು ತನಗೆ ಒಳಿತು ಮಾಡಿದಂತೆ ತಾನೂ ಇತರರಿಗೆ ಒಳಿತು ಮಾಡಬೇಕೆಂದೂ ಜನರು ಅವನಿಗೆ ಉಪದೇಶಿಸಿದರು. ಇಹಲೋಕದ ಪಾಲನ್ನು ಮರೆಯಬೇಕಿಲ್ಲ ಎಂಬ ಮಾತೂ ಆ ಉಪದೇಶದಲ್ಲಿತ್ತು. ಆದರೆ ಈ ಸಂಪತ್ತು ತನ್ನ ಜ್ಞಾನದಿಂದಲೇ ತನಗೆ ದೊರೆತಿದೆ ಎಂದು ಕಾರೂನ್ ಉತ್ತರಿಸಿದನು.

ಅವನು ವೈಭವದಿಂದ ಹೊರಟಾಗ ಲೌಕಿಕ ಸುಖವನ್ನು ಬಯಸುವವರು ಅವನ ಭಾಗ್ಯಕ್ಕೆ ಆಸೆಪಟ್ಟರು. ಜ್ಞಾನಿಗಳು ದೇವರ ಪ್ರತಿಫಲವೇ ಮೇಲೆಂದು ಅವರನ್ನು ಎಚ್ಚರಿಸಿದರು. ಬಳಿಕ ಭೂಮಿಯು ಅವನನ್ನೂ ಅವನ ಮನೆಯನ್ನೂ ನುಂಗಿತು. ಹಿಂದಿನ ದಿನ ಅವನ ಸ್ಥಾನವನ್ನು ಬಯಸಿದ್ದವರೇ ತಾವು ಪಾರಾದುದು ದೇವರ ಕೃಪೆಯಿಂದ ಎಂದು ಅರಿತುಕೊಂಡರು.

ಬೋಧನೆ

ಈ ಕಥೆಯಲ್ಲಿ ಖಂಡನೆಗೆ ಒಳಗಾಗುವುದು ಸಂಪತ್ತಲ್ಲ, ಅದರ ಮೂಲವನ್ನು ಮರೆಯುವ ಮನೋಭಾವ. ಇದಕ್ಕೆ ವ್ಯತಿರಿಕ್ತವಾಗಿ, ವೈಭವದಿಂದ ಆಳಿದ ಪ್ರವಾದಿ ಸುಲೈಮಾನ್ ತಮ್ಮ ಪ್ರಾಪ್ತಿಯನ್ನು ದೇವರ ಅನುಗ್ರಹವೆಂದೂ, ತಾವು ಕೃತಜ್ಞರೋ ಅಲ್ಲವೋ ಎಂಬ ಪರೀಕ್ಷೆಯೆಂದೂ ಭಾವಿಸಿದರು (27:40). 18ನೆಯ ಅಧ್ಯಾಯದಲ್ಲಿ ಬರುವ ಎರಡು ತೋಟಗಳ ಒಡೆಯನ ದೃಷ್ಟಾಂತವೂ ಇದೇ ವಿಷಯವನ್ನು ಕುರಿತದ್ದು.

ಕೃತಜ್ಞತೆಯನ್ನು ಅರಬ್ಬಿಯಲ್ಲಿ 'ಶುಕ್ರ್' ಎನ್ನುತ್ತಾರೆ. ಅದು ಮನಸ್ಸು ಮತ್ತು ಮಾತಿನ ಜೊತೆಗೆ ಕ್ರಿಯೆಯಲ್ಲೂ ವ್ಯಕ್ತವಾಗಬೇಕು. ಸಿರಿವಂತರ ಸಂಪತ್ತಿನಲ್ಲಿ ಯಾಚಕರಿಗೂ ವಂಚಿತರಿಗೂ ಹಕ್ಕಿದೆ ಎಂಬುದು ಕುರ್‌ಆನ್‌ನ ನಿಲುವು. ನಿಗದಿತ ಮಿತಿಯನ್ನು ಮೀರಿ ಒಂದು ಚಾಂದ್ರಮಾನ ವರ್ಷ ಉಳಿದ ಹಣ, ಚಿನ್ನ ಮತ್ತು ಬೆಳ್ಳಿಯ ಮೇಲೆ ಶೇ. 2.5ರಷ್ಟು ಝಕಾತ್ ಕಡ್ಡಾಯವಾಗಿದೆ. ಉತ್ತಮ ಉಡುಪನ್ನು ಇಷ್ಟಪಡುವುದು ಅಹಂಕಾರವಲ್ಲ, ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದೇ ಅಹಂಕಾರ ಎಂಬ ಪ್ರವಾದಿ ಮುಹಮ್ಮದರ ವಿವರಣೆಯು ಸಹೀಹ್ ಮುಸ್ಲಿಂ ಹದೀಸ್ ಸಂಗ್ರಹದಲ್ಲಿದೆ.

ವ್ಯಾಖ್ಯಾನಗಳು

ಕಾರೂನ್ ಹೇಳಿಕೊಂಡ 'ಜ್ಞಾನ' ಯಾವುದೆಂಬ ಬಗ್ಗೆ ವ್ಯಾಖ್ಯಾನಕಾರರಲ್ಲಿ ಭಿನ್ನಾಭಿಪ್ರಾಯಗಳಿವೆ. ಕೆಲವರು ಅದನ್ನು ರಸವಿದ್ಯೆ ಎಂದಿದ್ದಾರೆ. 14ನೆಯ ಶತಮಾನದ ವಿದ್ವಾಂಸ ಇಬ್ನ್ ಕಸೀರ್ ಈ ಅರ್ಥವನ್ನು ನಿರಾಕರಿಸಿದ್ದಾರೆ.

ಬೈಬಲಿನೊಂದಿಗೆ ಹೋಲಿಕೆ

ಬೈಬಲಿನ ಅರಣ್ಯಕಾಂಡದ 16ನೆಯ ಅಧ್ಯಾಯದಲ್ಲಿ ಲೇವಿ ಕುಲದ ಕೋರಹನು ಮೋಶೆ ಮತ್ತು ಆರೋನರ ಅಧಿಕಾರದ ವಿರುದ್ಧ ದಂಗೆಯೇಳುತ್ತಾನೆ. ಅಲ್ಲಿಯೂ ದಂಗೆಕೋರರನ್ನು ಭೂಮಿ ನುಂಗುತ್ತದೆ. ಆದರೆ ಅಲ್ಲಿನ ವಿವಾದ ಯಾಜಕತ್ವವನ್ನು ಕುರಿತದ್ದು, ಸಂಪತ್ತನ್ನಲ್ಲ. ಕೋರಹನ ಸಿರಿವಂತಿಕೆಯ ಪ್ರಸ್ತಾಪವು ಯಹೂದಿಗಳ ತಾಲ್ಮುದ್‌ನಲ್ಲಿ ಕಂಡುಬರುತ್ತದೆ.

ಸಂಸ್ಕೃತಿಯಲ್ಲಿ

ಉರ್ದು, ಪಾರ್ಸಿ ಮತ್ತು ತುರ್ಕಿ ಭಾಷೆಗಳಲ್ಲಿ ಕಾರೂನನ ಹೆಸರು ಅಳತೆಗೆ ಸಿಗದ ಸಂಪತ್ತನ್ನು ಸೂಚಿಸುವ ನುಡಿಗಟ್ಟಾಗಿ ಬಳಕೆಯಲ್ಲಿದೆ. ಈಜಿಪ್ಟಿನ ಫಯ್ಯೂಮ್ ಪ್ರದೇಶದ ಸರೋವರವೊಂದಕ್ಕೂ ಇದೇ ಹೆಸರಿದೆ.